ಕಿಡ್ನಿ ಸೋತವರಿಗೆ ಬೆಳಗಿನ ಇನ್ಸುಲಿನ್: ಸಿಂಧನೂರಿನ ನನ್ನ ಅನುಭವ

ಕ್ರಿಯಾಟಿನಿನ್ (ಕಿಡ್ನಿ ಸೋತಂತೆ ರಕ್ತದಲ್ಲಿ ಏರುವ ಕಸ) 3 ದಾಟಿದ ಟೈಪ್ 2 ಸಕ್ಕರೆ ಕಾಯಿಲೆಯ ರೋಗಿಗೆ ಸಂಜೆಯ 30/70 (ಬೇಗ ಮತ್ತು ನಿಧಾನ ಕೆಲಸ ಮಾಡುವ ಎರಡು ಇನ್ಸುಲಿನ್ ಮಿಶ್ರಣ) ನಿಲ್ಲಿಸಬಹುದು, ಬೆಳಿಗ್ಗೆ ಗ್ಲಾರ್ಜಿನ್ (ದಿನವಿಡೀ ನಿಧಾನಕ್ಕೆ ಕೆಲಸ ಮಾಡುವ ಇನ್ಸುಲಿನ್) ಕೊಟ್ಟು ನಡೆಸಬಹುದು ಎಂದಾಗ ನಮ್ಮ ಭಾಗದ ಡಾಕ್ಟರ್ ಗೆಳೆಯರು ಒಪ್ಪಲಿಲ್ಲ. ‘ಅನ್ನ ಉಣ್ಣೋ ಊರಿದು, ಮಧ್ಯಾಹ್ನ ಶುಗರ್ 400 ಮುಟ್ಟತ್ತೆ’ ಅಂದರು. ‘ಕೂಲಿ ಮಾಡೋರಿಗೆ ಇನ್ಸುಲಿನ್ ಪೆನ್ ಎಲ್ಲಿಂದ?’ ಅಂದರು. ಈಗ ನಾಲ್ಕೈದು ವರ್ಷ ಆಯಿತು. ನಡುರಾತ್ರಿ ಶುಗರ್ ಇಳಿದು ಬೆವರಿ, ಮಾತು ತೊದಲಿ ಬರುವ ಕಿಡ್ನಿ ರೋಗಿಗಳು ನನ್ನಲ್ಲಿ ಬಹಳ ಅಪರೂಪ. ಅಂದು ಒಪ್ಪದವರೇ ಇಂದು ಡೋಸ್ ಹೊಂದಿಸಿಕೊಡಿ ಎಂದು ತಮ್ಮ ರೋಗಿಗಳನ್ನು ಕಳಿಸುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಕೆಲಸ ಮಾಡದ್ದನ್ನು ಹೇಳುತ್ತೇನೆ. ಇಜಿಎಫ್‌ಆರ್ (ಕಿಡ್ನಿ ಎಷ್ಟು ಸೋಸುತ್ತದೆ ಎನ್ನುವ ಅಂದಾಜು) 50ರಿಂದ 10ರ ನಡುವೆ ಇದ್ದರೆ ಇನ್ಸುಲಿನ್ ಕಾಲು ಭಾಗ ಇಳಿಸಿ, 10ಕ್ಕಿಂತ ಕೆಳಗೆ ಹೋದರೆ ಅರ್ಧ ಇಳಿಸಿ ಎನ್ನುವ ಸೂತ್ರ ನಿಮಗೆ ಗೊತ್ತೇ ಇದೆ. ಸೂತ್ರ ಸರಿಯಾಗೇ ಇದೆ. ಆದರೆ 30/70ರಲ್ಲೇ ಉಳಿದು ಡೋಸ್ ಮಾತ್ರ ಇಳಿಸಿದರೆ ರಾತ್ರಿಯ ಕಾಟ ಹೋಗಲಿಲ್ಲ. ಸಂಜೆ ಏಳಕ್ಕೆ ಚುಚ್ಚಿದ್ದು ನಡುರಾತ್ರಿ ಜೋರಾಗುತ್ತದೆ. ಕಿಡ್ನಿ ಸೋತವರಲ್ಲಿ ಅದು ಬೇಗ ಇಳಿಯುವುದೂ ಇಲ್ಲ. ಮೇಲಾಗಿ ಯೂರಿಯಾ ಏರಿದವರಿಗೆ ರಾತ್ರಿ ಹಸಿವೇ ಇರುವುದಿಲ್ಲ. ‘ಸೂಜಿ ತಪ್ಪಿಸಿಲ್ಲರಿ ಸರ, ಊಟಾನೇ ಸೇರಂಗಿಲ್ಲ’ ಎನ್ನುತ್ತಾರೆ. ಅರ್ಧ ರೊಟ್ಟಿ ತಿಂದು ಪೂರಾ ಡೋಸ್ ತಗೊಂಡು ಮಲಗಿದರೆ ಏನಾಗಬೇಕು?

ಮಲಗುವಾಗ ಎನ್‌ಪಿಎಚ್ (30/70ರಲ್ಲಿರುವ ನಿಧಾನದ ಇನ್ಸುಲಿನ್) ಒಂದನ್ನೇ ಕೊಟ್ಟು ನೋಡಿದೆ. ಶುಗರ್ ಬೀಳುವ ಹೊತ್ತು ನಸುಕಿಗೆ ಹೋಯಿತು, ಅಷ್ಟೇ. ಶುಗರ್ ನೋಡಿಕೊಂಡು ಡೋಸ್ ಹಾಕುವ ಚೀಟಿಯನ್ನೂ ಬರೆದುಕೊಟ್ಟೆ. ಒಂದು ಸ್ಟ್ರಿಪ್‌ಗೆ ಹದಿನೈದಿಪ್ಪತ್ತು ರೂಪಾಯಿ. ವಾರ ಕಳೆಯುವುದರೊಳಗೆ ಮನೆಯವರು ನೋಡುವುದನ್ನೇ ಬಿಟ್ಟರು.

ಕೊನೆಗೆ ಹಿಡಿದ ದಾರಿ ಇದು. ಗ್ಲಾರ್ಜಿನ್ ಬೆಳಿಗ್ಗೆ ಎಂಟರ ಸುಮಾರಿಗೆ, ನಾಷ್ಟಾದ ಜೊತೆ. ಅದರ ಬಲ ಹಗಲಿನಲ್ಲಿ ಜಾಸ್ತಿ, ರಾತ್ರಿ ಹೊತ್ತಿಗೆ ಇಳಿಮುಖ. ಅಕಸ್ಮಾತ್ ಶುಗರ್ ಇಳಿದರೂ ಮನೆಯವರು ಎಚ್ಚರ ಇರುವ ಹೊತ್ತಿನಲ್ಲಿ ಇಳಿಯುತ್ತದೆ. ಹೊಸದಾಗಿ ಶುರು ಮಾಡುವವರಿಗೆ ಕೆಜಿಗೆ 0.1ರಿಂದ 0.15 ಯೂನಿಟ್, ಅಂದರೆ 55 ಕೆಜಿ ಮನುಷ್ಯನಿಗೆ 6ರಿಂದ 8. ಎಲ್ಲ ಇನ್ಸುಲಿನ್ ಕೂಡಿಸಿದರೂ ಮೊದಲು ಕೆಜಿಗೆ 0.25 ದಾಟಿಸುವುದಿಲ್ಲ. ಬರಿಹೊಟ್ಟೆ ಶುಗರ್ 110ರಿಂದ 150ರ ನಡುವೆ ನಿಂತರೆ ಮುಟ್ಟುವುದಿಲ್ಲ. 100ರ ಕೆಳಗೆ ಬಂದರೆ ಅದೇ ದಿನ ಎರಡು ಯೂನಿಟ್ ಇಳಿಸುತ್ತೇನೆ. ಏರಿಸುವಾಗ ಮಾತ್ರ ಆತುರ ಇಲ್ಲ, ನಾಲ್ಕೈದು ದಿನ ಕಾಯುತ್ತೇನೆ. ಟೈಪ್ 1 ರೋಗಿಗಳ ಲೆಕ್ಕ ಬೇರೆ. ಅವರಿಗೆ ಬೇಸಲ್ (ಗ್ಲಾರ್ಜಿನ್ ತರಹದ, ದಿನವಿಡೀ ಇರುವ ಇನ್ಸುಲಿನ್) ನಿಲ್ಲಿಸುವಂತಿಲ್ಲ.

ಅನ್ನದ ಪ್ರಶ್ನೆಗೆ ಉತ್ತರ, ಮಧ್ಯಾಹ್ನ ಉಂಡ ಮೇಲೆ ಬೇಗ ಕೆಲಸ ಮಾಡುವ ಆಸ್ಪಾರ್ಟ್ ಇನ್ಸುಲಿನ್ನಿನ ಸಣ್ಣ ಡೋಸ್. ಉಣ್ಣುವ ಮೊದಲು ಅಲ್ಲ, ಉಂಡು ಎದ್ದ ತಕ್ಷಣ. ತಟ್ಟೆ ಖಾಲಿ ಆದರೆ 4 ಯೂನಿಟ್, ಅರ್ಧ ಬಿಟ್ಟರೆ 2, ವಾಂತಿ ಆದರೆ ಇಲ್ಲವೇ ಇಲ್ಲ. ಓದು ಬಾರದ ಅಜ್ಜಿಯರೂ ಇದನ್ನು ಹಿಡಿದುಬಿಟ್ಟರು, ಯಾಕಂದ್ರೆ ಇಲ್ಲಿ ಮೀಟರ್ ನೋಡಬೇಕಿಲ್ಲ, ತಟ್ಟೆ ನೋಡಿದರೆ ಸಾಕು. ರೆಗ್ಯುಲರ್ ಇನ್ಸುಲಿನ್‌ನಲ್ಲಿ ಇದನ್ನು ಮಾಡಬೇಡಿ. ಅದು ತಡವಾಗಿ ಏಳುತ್ತದೆ, ತಡವಾಗಿ ಇಳಿಯುತ್ತದೆ.

ಇನ್ನು ದುಡ್ಡಿನ ವಿಷಯ. 30/70 ಬಾಟಲಿ 10 ಎಂಎಲ್, ಎಂಎಲ್‌ಗೆ 40 ಯೂನಿಟ್, ಒಟ್ಟು 400. ದಿನಕ್ಕೆ ನಲವತ್ತು ತಗೊಳ್ಳುವವರಿಗೆ ತಿಂಗಳಿಗೆ ಮೂರು ಬಾಟಲಿ, ಹತ್ತಿರ ಹತ್ತಿರ 450 ರೂಪಾಯಿ. ಪೆನ್ನಿಗೆ ಹಾಕುವ ಗ್ಲಾರ್ಜಿನ್ ಕಾರ್ಟ್ರಿಜ್‌ನಲ್ಲಿ 300 ಯೂನಿಟ್ ಇರುತ್ತದೆ, ಬೆಲೆ ಐದಾರು ನೂರು. ಕಿಡ್ನಿ ಸೋತವರಿಗೆ ಹತ್ತು ಹನ್ನೆರಡು ಯೂನಿಟ್ ಸಾಕಾಗುವುದರಿಂದ, ಪ್ರೈಮ್ ಮಾಡಿ (ಚುಚ್ಚುವ ಮೊದಲು ಗಾಳಿ ತೆಗೆಯಲು) ಹೋಗುವ ಎರಡು ಯೂನಿಟ್ ಸೇರಿಸಿದರೂ ಮೂರು ವಾರ ಬರುತ್ತದೆ. ಆಸ್ಪಾರ್ಟ್ ಸೇರಿದರೆ ತಿಂಗಳ ಖರ್ಚು ದುಪ್ಪಟ್ಟಿಗಿಂತ ಜಾಸ್ತಿ ಆಗುತ್ತದೆ, ನಿಜ. ಆದರೆ ಒಂದು ಸಲ ರಾತ್ರಿ ಶುಗರ್ ಬಿದ್ದು ಕಾರು ಮಾಡಿಕೊಂಡು ರಾಯಚೂರಿಗೋ ಬಳ್ಳಾರಿಗೋ ಓಡಿದರೆ ವರ್ಷದ ಉಳಿತಾಯ ಒಂದೇ ದಿನಕ್ಕೆ ಹೋಗುತ್ತದೆ. ಈ ಲೆಕ್ಕ ಹೇಳಿದ ಮೇಲೆ ಮನೆಯವರು ಬೇಡ ಅಂದದ್ದು ಕಡಿಮೆ.

ಪೆನ್‌ಗೆ ಬದಲಾಯಿಸುವಾಗ ಒಂದು ಅಪಾಯ ಇದೆ. ಪೆನ್ ಕೆಟ್ಟಿತೆಂದು ಒಬ್ಬರು ಕಾರ್ಟ್ರಿಜ್‌ನಿಂದಲೇ ಕೆಂಪು ಕ್ಯಾಪಿನ ಸಿರಿಂಜಿಗೆ ಎಳೆದುಕೊಂಡರು. ಕಾರ್ಟ್ರಿಜ್ ಎಂಎಲ್‌ಗೆ 100 ಯೂನಿಟ್, ಕೆಂಪು ಸಿರಿಂಜು 40ರದ್ದು. 10ರ ಗೆರೆಗೆ ಎಳೆದರೆ ಒಳಗೆ ಹೋಗುವುದು 25. ಶುಗರ್ ಮೂವತ್ತರ ಆಸುಪಾಸಿಗೆ ಬಿದ್ದಿತ್ತು. 25 ಪರ್ಸೆಂಟ್ ಡೆಕ್ಸ್‌ಟ್ರೋಸ್ (ಗ್ಲೂಕೋಸ್) ಕೊಟ್ಟ ಕೂಡಲೇ ಎದ್ದು ಕೂತರು, ಮನೆಗೆ ಹೋಗ್ತೀನಿ ಅಂದರು. ಬಿಡಲಿಲ್ಲ. ಎರಡು ದಿನ 10 ಪರ್ಸೆಂಟ್ ಡ್ರಿಪ್ ಬೇಕಾಯಿತು. ಕಿಡ್ನಿ ರೋಗಿ ಎದ್ದು ಕೂತ ಮಾತ್ರಕ್ಕೆ ಕಳಿಸಬೇಡಿ. ಪೆನ್ ಕೊಟ್ಟ ದಿನವೇ ಮನೆಯಲ್ಲಿರುವ ಕೆಂಪು ಸಿರಿಂಜುಗಳನ್ನೆಲ್ಲ ವಾಪಸ್ ತರಿಸಿಕೊಳ್ಳಿ.

ಶುಗರ್ ಇಳಿದಾಗ ನಮ್ಮ ಜನ ಮೊದಲು ಹುಡುಕುವುದು ಎಳನೀರು, ಬಾಳೆಹಣ್ಣು. ಎರಡರಲ್ಲೂ ಪೊಟ್ಯಾಸಿಯಂ ಜಾಸ್ತಿ; ಕಿಡ್ನಿ ಸೋತು ರಕ್ತದಲ್ಲಿ ಅದು ಮೊದಲೇ 6ರ ಹತ್ತಿರ ಏರಿರುವವರಿಗೆ ಇದು ಇನ್ನೊಂದು ಗಂಡಾಂತರ. ಅರ್ಧ ಲೋಟ ನೀರಿಗೆ ಮೂರು ನಾಲ್ಕು ಚಮಚ ಸಕ್ಕರೆ, ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷೆ. ಇದನ್ನು ಚೀಟಿಯ ಹಿಂದೆ ಕೈಯಲ್ಲೇ ಬರೆದುಕೊಡುತ್ತೇನೆ.

ಬೇಸಿಗೆಯಲ್ಲಿ ಇನ್ಸುಲಿನ್ ತಂಪಾಗಿಡಲು ಒಂದು ಪ್ರಯೋಗವನ್ನೂ ಮಾಡಿದೆ. ಫ್ರಿಜ್ ಇಲ್ಲದ ಮನೆಗಳೇ ಜಾಸ್ತಿ, ಇದ್ದರೂ ಕರೆಂಟ್ ನಂಬುವಂತಿಲ್ಲ. ದೊಡ್ಡ ಮಡಕೆಯೊಳಗೆ ಚಿಕ್ಕದನ್ನಿಟ್ಟು, ನಡುವೆ ಹಸಿ ಮರಳು ತುಂಬಿ, ಥರ್ಮಾಮೀಟರ್ ಇಟ್ಟು ನೋಡಿದೆ. ಏಪ್ರಿಲ್‌ನಲ್ಲಿ ಕೋಣೆ 38 ಡಿಗ್ರಿ ಇದ್ದಾಗ ಒಳಗೆ 27 ಅಷ್ಟೇ. ನಮ್ಮ ಒಣ ಬಿಸಿಲಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಮಳೆಗಾಲದ ತೇವದಲ್ಲಿ ಅಷ್ಟು ತಂಪಾಗಲಿಲ್ಲ. ಬಳಸಲು ಶುರು ಮಾಡಿದ ಕಾರ್ಟ್ರಿಜ್ ಮಡಕೆಯಲ್ಲಿದ್ದರೂ 28 ದಿನಕ್ಕೆ ಎಸೆಯಬೇಕು.

ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್ ಹೇಳುವ ರಕ್ತ ಪರೀಕ್ಷೆ) ಬಗ್ಗೆ ಒಂದೇ ಮಾತು. ಹಿಮೋಗ್ಲೋಬಿನ್ 8 ಇದ್ದು, ರಕ್ತ ಏರಿಸುವ ಎರಿಥ್ರೋಪೊಯೆಟಿನ್ ತಗೊಳ್ಳುತ್ತಿರುವವರಲ್ಲಿ 6.5 ಬಂತು ಅಂತ ಖುಷಿಪಡಬೇಡಿ. ಅದು ಸುಳ್ಳೇ ಕಡಿಮೆ ತೋರಿಸುತ್ತದೆ. ನಾನು 7ರಿಂದ 8ರ ನಡುವೆ ಇಟ್ಟುಕೊಂಡು ಮೀಟರ್ ಅಂಕಿಗಳನ್ನೇ ನಂಬುತ್ತೇನೆ.

ಡಯಾಲಿಸಿಸ್ ಆದ ಮರುದಿನ ಬೇಸಲ್ ಕಾಲು ಭಾಗ ಇಳಿಸುತ್ತೇನೆ. ಯಾರಿಗೆ ಅದಕ್ಕಿಂತ ಜಾಸ್ತಿ ಇಳಿಸಬೇಕು ಎಂದು ಮೊದಲೇ ಹೇಳುವ ನನ್ನದೊಂದು ಗುರುತಿದೆ. ಇನ್ನೂ ಒಂದಿಷ್ಟು ಜನರಲ್ಲಿ ನೋಡಬೇಕು, ಅಲ್ಲಿಯವರೆಗೆ ಅದು ನನ್ನ ಡೈರಿಯಲ್ಲೇ ಇರಲಿ.

ವಾರಕ್ಕೊಂದು ಚುಚ್ಚುವ ಸೆಮಾಗ್ಲುಟೈಡ್ (ಶುಗರ್, ಹಸಿವು, ತೂಕ ಇಳಿಸುವ ಔಷಧಿ) ಬಗ್ಗೆ ಈಗ ಎಲ್ಲರೂ ಕೇಳುತ್ತಾರೆ. ಟೈಪ್ 2 ಕಿಡ್ನಿ ರೋಗಿಗಳಲ್ಲಿ ಅದನ್ನು ಪರೀಕ್ಷಿಸಿದ 2024ರ ಫ್ಲೋ ಅಧ್ಯಯನದಲ್ಲಿ ಕಿಡ್ನಿಯ ದೊಡ್ಡ ತೊಂದರೆಗಳು, ಹೃದಯ ಮತ್ತು ಕಿಡ್ನಿ ಕಾರಣದ ಸಾವು ಸೇರಿ 24 ಪರ್ಸೆಂಟ್ ಕಡಿಮೆ ಆದವು. ಔಷಧಿ ಒಳ್ಳೆಯದೇ. ಆದರೆ ಅದರಲ್ಲಿ ಇದ್ದವರ ಇಜಿಎಫ್‌ಆರ್ 25ರಿಂದ 75. ನನ್ನ ಬಹುತೇಕ ರೋಗಿಗಳು ಅದಕ್ಕಿಂತ ಕೆಳಗೆ, ಮೈಯಲ್ಲಿ ಮಾಂಸವೂ ಕಡಿಮೆ. ಇದ್ದ ಹಸಿವನ್ನೂ ಕಳೆಯುವ ಔಷಧಿ ಅವರಿಗೆ ಬೇಡ. ದಪ್ಪ ಇರುವವರಿಗೆ, ಕಣ್ಣಿನ ಪರದೆ ಪರೀಕ್ಷೆ ಮಾಡಿಸಿ, 0.25 ಮಿಲಿಗ್ರಾಂನಿಂದ ಶುರು ಮಾಡುತ್ತೇನೆ. ಮೇ ತಿಂಗಳಲ್ಲಿ ಯಾರಿಗೂ ಹೊಸದಾಗಿ ಕೊಡುವುದಿಲ್ಲ. 42 ಡಿಗ್ರಿ ಬಿಸಿಲಲ್ಲಿ ಎರಡು ದಿನ ವಾಂತಿಯಾದರೆ ಕ್ರಿಯಾಟಿನಿನ್ ಸರ್ರನೆ ಏರುತ್ತದೆ. ಜೂನ್ ಮಳೆ ಬಿದ್ದ ಮೇಲೆ ಬನ್ನಿ ಎಂದು ಹೇಳಿ ಕಳಿಸುತ್ತೇನೆ.