ಓದಿದ ತಾಯಂದಿರ ಲೆಕ್ಕ ತಪ್ಪುತ್ತಿದ್ದುದೆಲ್ಲಿ: ಜನನ ದರದ ಸಮೀಕ್ಷೆಯಲ್ಲಿ ನನ್ನ ಅನುಭವ

ಜನಸಂಖ್ಯಾಶಾಸ್ತ್ರಜ್ಞ ಜಾನ್ ಬೊಂಗಾರ್ಟ್ಸ್ 1978ರಲ್ಲಿ ಕೊಟ್ಟ ಚೌಕಟ್ಟನ್ನು (ಓದು, ಆದಾಯದಂಥವು ಮದುವೆ, ಗರ್ಭನಿರೋಧಕ, ಗರ್ಭಪಾತ, ಎದೆಹಾಲು ಇಂಥವುಗಳ ಮೂಲಕವೇ ಜನನ ದರವನ್ನು ಮುಟ್ಟುತ್ತವೆ ಎನ್ನುವುದು ಅದು) ಹಿಡಿದು ನಾನು ಲೆಕ್ಕಕ್ಕೆ ಕುಳಿತಾಗ, ಅದು ಹಳೆಯ ಕಾಲದ ಸರಕು ಎಂದು ತಳ್ಳಿಹಾಕಿದವರೇ ಹೆಚ್ಚು. ಈಗ ಅವರೇ ನನ್ನ ಲೆಕ್ಕದ ಹಾಳೆಯನ್ನು ಕೇಳಿ ಪಡೆಯುತ್ತಿರುವುದರಿಂದ ಈ ಬರಹ.

ಮೊದಲ ಸುತ್ತಿನಲ್ಲಿ ಹಣದ ಮೂರರಲ್ಲಿ ಎರಡು ಪಾಲು ಆದಾಯ, ಆಸ್ತಿ, ಓದು ಇವುಗಳ ಉದ್ದನೆಯ ಪ್ರಶ್ನಾವಳಿಗೇ ಕರಗಿತು. ಓದು, ನಗರವಾಸ ಮತ್ತು ಆದಾಯ ಒಟ್ಟೊಟ್ಟಿಗೇ ಏರುವುದರಿಂದ ಒಂದನ್ನು ಕೈಬಿಟ್ಟರೆ ಇನ್ನೊಂದರ ಗುಣಾಂಕ, ಅಂದರೆ ಜನನದ ಮೇಲೆ ಅದರ ಪರಿಣಾಮದ ಅಳತೆ, ತಲೆಕೆಳಗಾಗುತ್ತಿತ್ತು. ಮೇಲಾಗಿ, ಕೆಲವೇ ವರ್ಷ ಶಾಲೆಗೆ ಹೋದ ತಾಯಂದಿರಿಗೆ ಶಾಲೆಯನ್ನೇ ಕಾಣದವರಷ್ಟೇ ಮಕ್ಕಳಿರುವಂತೆ ತೋರುತ್ತಿತ್ತು.

ಎರಡನೆಯ ಸುತ್ತಿಗೆ ಮದುವೆ, ಗರ್ಭನಿರೋಧಕ, ಗರ್ಭಪಾತ, ಎದೆಹಾಲು ಈ ನಾಲ್ಕನ್ನೇ ಉಳಿಸಿಕೊಂಡೆ. ಒಗಟು ಬಿಡಿಸಿಕೊಂಡದ್ದು ಎದೆಹಾಲಿನಲ್ಲಿ. ಹೆಚ್ಚು ಕಾಲ ಎದೆಹಾಲೂಡಿಸಿದಷ್ಟೂ ಮತ್ತೆ ಗರ್ಭ ನಿಲ್ಲುವುದು ತಡವಾಗುತ್ತದೆ. ಇದರಿಂದ ಫಲವತ್ತತೆ ಎಷ್ಟು ಪಾಲಿಗೆ ಇಳಿಯುತ್ತದೆ ಎಂಬುದೇ ಎದೆಹಾಲಿನ ಸೂಚ್ಯಂಕ: ಆ ತಿಂಗಳುಗಳಿಗೆ 18.5 ಕೂಡಿಸಿ, ಬಂದದ್ದರಿಂದ 20ನ್ನು ಭಾಗಿಸಬೇಕು. ಹೆರಿಗೆಯ ನಂತರ ಗರ್ಭ ನಿಲ್ಲದ ಅವಧಿ 18 ತಿಂಗಳಿದ್ದರೆ ಸೂಚ್ಯಂಕ 20 ಭಾಗಿಸು 36.5, ಅಂದರೆ ಸುಮಾರು 0.55, ಅದೇ ಅವಧಿ 10 ತಿಂಗಳಿಗೆ ಇಳಿದರೆ 0.70. ಉಳಿದದ್ದೆಲ್ಲ ಹಾಗೆಯೇ ಇದ್ದರೂ ಫಲವತ್ತತೆ ಕಾಲು ಭಾಗಕ್ಕಿಂತ ಹೆಚ್ಚು ಏರುತ್ತದೆ. ಶಾಲೆಗೆ ಹೋದವರು ಮದುವೆಯನ್ನು ಮುಂದೂಡಿ ಗಳಿಸಿದ್ದನ್ನು ಎದೆಹಾಲನ್ನು ಬೇಗ ಬಿಡಿಸಿ ಕಳೆದುಕೊಳ್ಳುತ್ತಿದ್ದರು. ಗರ್ಭನಿರೋಧಕದ ಬಳಕೆ ಹರಡಿದ ಕಡೆ ಮಾತ್ರ ಓದಿನ ಪರಿಣಾಮ ನಿಚ್ಚಳವಾಗಿ ಕಂಡಿತು. ಗರ್ಭನಿರೋಧಕ ಸೇವೆಯ ಪಾತ್ರವನ್ನು ಅಲ್ಲಗಳೆಯುವವರು ಬಾಂಗ್ಲಾದೇಶದ ಮತ್ಲಬ್ ಎಂಬ ಗ್ರಾಮೀಣ ಪ್ರದೇಶವನ್ನು ನೆನೆಯಬೇಕು: 1977ರಿಂದ ಮನೆಬಾಗಿಲಿಗೆ ಗರ್ಭನಿರೋಧಕ ತಲುಪಿಸಿದ ಹಳ್ಳಿಗಳಲ್ಲಿ ಜನನ ಪ್ರಮಾಣವು ಅಷ್ಟೇ ಬಡತನವಿದ್ದ ನೆರೆಯ ಹಳ್ಳಿಗಳಿಗಿಂತ ಕೆಳಗಿಳಿಯಿತು.

ಹೆಚ್ಚು ಕಾಡಿದ್ದು ಮಕ್ಕಳ ವಯಸ್ಸು. ಐದು ವರ್ಷದೊಳಗಿನ ಪ್ರತಿ ಮಗುವಿಗೂ ಲಸಿಕೆ, ಭೇದಿ, ಜ್ವರ ಎಂದು ಪುಟಗಟ್ಟಲೆ ಪ್ರಶ್ನೆಗಳಿರುವುದರಿಂದ ದಣಿದ ಸಮೀಕ್ಷಕಿಯರು ಮಗುವನ್ನು ಸದ್ದಿಲ್ಲದೆ ಆರನೆಯ ವರ್ಷಕ್ಕೆ ದಾಟಿಸಿಬಿಡುತ್ತಾರೆ. ಐದನೆಯ ವರ್ಷದಲ್ಲಿ ಹಳ್ಳ, ಆರನೆಯದರಲ್ಲಿ ದಿಬ್ಬ. ಇತ್ತೀಚಿನ ಜನನಗಳು ಕಡಿಮೆಯೆಂದು ಕಂಡು, ಜನನ ದರ ಇಳಿಯಿತೆಂಬ ಹುಸಿ ಸುದ್ದಿ ಹುಟ್ಟುವುದೇ ಹೀಗೆ. ಸಮೀಕ್ಷಕಿಯರ ಸಂಭಾವನೆಯನ್ನು ಮನೆಯ ಲೆಕ್ಕದಿಂದ ದಿನದ ಲೆಕ್ಕಕ್ಕೆ ಬದಲಿಸಿದೆ. ಖರ್ಚು ಐದರಲ್ಲಿ ಒಂದು ಪಾಲಿನಷ್ಟು ಏರಿತು, ದಿಬ್ಬ ಬಹುಮಟ್ಟಿಗೆ ಕರಗಿತು.

ನಡುವೆ, ಮಗು ತೀರಿಕೊಂಡ ಮನೆಗಳಲ್ಲಿ ಮುಂದಿನ ಹೆರಿಗೆ ಬೇಗ ಆಗುವುದೇಕೆ ಎಂದೂ ಕೆದಕಿದೆ. ಗರ್ಭನಿರೋಧಕ ಬಳಸದವರಲ್ಲೂ ಅಂತರ ಕುಗ್ಗಿತ್ತು. ಎಂದ ಮೇಲೆ ಅದನ್ನೆಲ್ಲ ಮತ್ತೊಂದು ಮಗುವಿನ ಬಯಕೆಗೆ ಕಟ್ಟುವಂತಿಲ್ಲ, ಎದೆಹಾಲು ನಿಂತುಹೋಗುವುದಕ್ಕೂ ಅದರಲ್ಲಿ ದೊಡ್ಡ ಪಾಲಿದೆ.

ಕೊನೆಗೆ ನಾಲ್ಕೂ ಅಂಶಗಳ ಸೂಚ್ಯಂಕಗಳನ್ನು ಒಂದಕ್ಕೊಂದು ಗುಣಿಸಿ, ಮತ್ತೆ 15.3ರಿಂದ (ಈ ನಾಲ್ಕರ ತಡೆ ಇಲ್ಲದಿದ್ದರೆ ಒಬ್ಬ ಹೆಣ್ಣಿಗೆ ಸರಾಸರಿ ಆಗಬಹುದಾದ ಮಕ್ಕಳ ಸಂಖ್ಯೆ) ಗುಣಿಸಿ ಬಂದ ಸಂಖ್ಯೆಗೂ ತಾಯಂದಿರ ಹೆರಿಗೆ ವಿವರದಿಂದ ನೇರವಾಗಿ ಎಣಿಸಿದ ಒಟ್ಟು ಫಲವತ್ತತೆ ದರಕ್ಕೂ (ಒಬ್ಬ ಹೆಣ್ಣಿಗೆ ಜೀವಮಾನದಲ್ಲಿ ಸರಾಸರಿ ಹುಟ್ಟುವ ಮಕ್ಕಳು) ಕಾಲು ಮಗುವಿನಷ್ಟೇ ವ್ಯತ್ಯಾಸವಿತ್ತು. ಆ ಅಂತರಕ್ಕೆ ದುಡಿಮೆಗಾಗಿ ದೂರ ಉಳಿಯುವ ಗಂಡಂದಿರೇ ಕಾರಣವೆಂಬುದು ನನ್ನ ಅನುಮಾನ. ಬೊಂಗಾರ್ಟ್ಸ್ ಅವರೇ 2015ರಲ್ಲಿ ತಮ್ಮ ಸೂತ್ರಗಳನ್ನು ಪರಿಷ್ಕರಿಸಿ, ಮದುವೆಯ ಬದಲಿಗೆ ಲೈಂಗಿಕ ಸಂಪರ್ಕವನ್ನು ಲೆಕ್ಕಕ್ಕೆ ತೆಗೆದುಕೊಂಡಿರುವುದರಿಂದ, ಮುಂದಿನ ಸುತ್ತಿನ ಪ್ರಶ್ನಾವಳಿಯಲ್ಲಿ ಗಂಡ ಮನೆಯಲ್ಲಿದ್ದ ತಿಂಗಳುಗಳಿಗೂ ಒಂದು ಅಂಕಣ ಸೇರಿಸಿದ್ದೇನೆ.