ಮಶೀನ್ ಸ್ಟಾಪ್ ಮಾಡಿದ್ರೂ ಕ್ಲೌಡ್ ಬಿಲ್ 6 ಸಾವಿರ ಬಂತು: ನನ್ನ ಅನುಭವ

ಹುಬ್ಬಳ್ಳಿ ವಿದ್ಯಾನಗರದಾಗ ಖೋಲಿ ಮಾಡ್ಕೊಂಡು ಕ್ಲೌಡ್, ಅಂದ್ರ ಕಂಪನಿಯವರ ಕಂಪ್ಯೂಟರ್ ಇಂಟರ್ನೆಟ್ ಮ್ಯಾಲೆ ಬಾಡಗಿಗೆ ತಗೊಂಡು ಬಳಸೂದು, ಕಲೀಲಿಕ್ಕೆ ಹತ್ತಿದ್ದೆ, ಅಕೌಂಟಿಗೆ ಹಾಕಿದ ಕಾರ್ಡ್ ನಂದಲ್ಲ, ಗದಗದಾಗ ಇರೋ ಅಣ್ಣಂದು. ಒಂದಿನ ಸಂಜಿಮುಂದ ಅಂವಾ ಫೋನ್ ಮಾಡಿ "ತಮ್ಮಾ, ನಾಳೆ ಆರು ಸಾವಿರ ಕಟ್ ಆಗ್ತೈತಂತ ಬ್ಯಾಂಕಿಂದ ಮೆಸೇಜ್ ಬಂದೈತಿ, ನೀ ಏನರ ತಗೊಂಡಿಯೇನು?" ಅಂದ. ಎದಿ ಧಸಕ್ ಅಂತು. ಹಿಂಗ ತಾನಾಗೇ ಕಟ್ ಆಗೋ ರೊಕ್ಕಕ್ಕ 24 ತಾಸು ಮೊದ್ಲ ತಿಳಸಬೇಕಂತ ಆರ್‌ಬಿಐ ನಿಯಮ ಐತಿ, ಅದಕ್ಕ ಒಂದಿನ ಮೊದ್ಲರ ಗೊತ್ತಾತು.

ನಾ ಅದಕ್ಕೂ ಒಂದು ತಿಂಗಳ ಮೊದ್ಲ ವಿಡಿಯೋ ನೋಡ್ಕೋತ ಕ್ಲೌಡಿನಾಗ ಒಂದು ನೆಟ್‌ವರ್ಕ್ ಕಟ್ಟಿದ್ದೆ, ಮುಗಿದ ಮ್ಯಾಲೆ ಅದ್ರಾಗಿನ ವರ್ಚುವಲ್ ಮಶೀನ್ (ಬಾಡಗಿ ಕಂಪ್ಯೂಟರ್) ಸ್ಟಾಪ್ ಮಾಡಿ ಲ್ಯಾಪ್‌ಟಾಪ್ ಮುಚ್ಚಿದ್ದೆ, ಆಮೇಲೆ ಪರೀಕ್ಷಾ ಬಂದ್ವು, ಒಂದು ತಿಂಗಳು ಲಾಗಿನ್ ಸೈತ ಆಗಲಿಲ್ಲ. ಈಗ ಕನ್ಸೋಲ್, ಅಂದ್ರ ಕ್ಲೌಡ್ ನಡಸೋ ವೆಬ್ ಪೇಜ್, ತೆಗದು ನೋಡಿದ್ರ ಏನೂ ಇಲ್ಲ! ಎಲ್ಲಾ ಖಾಲಿ! ಅರ್ಧ ತಾಸು ಅಲ್ಲೇ ಹುಡುಕಿದೆ. ಆಮೇಲೆ ಬಿಲ್ಲಿಂಗ್ ಪೇಜಿನಾಗ ಒಂದೊಂದ ಸಾಲು ಬಿಡಿಸಿ ನೋಡಿದಾಗ ತಿಳೀತು, ನಾ ನೋಡ್ತಿದ್ದದ್ದು ಮುಂಬೈ ರೀಜನ್ (ಕಂಪನಿ ಕಂಪ್ಯೂಟರ್ ಇಟ್ಟಿರೋ ಜಾಗಾಕ್ಕ ರೀಜನ್ ಅಂತಾರ), ವಿಡಿಯೋದವ್ರು ಹೇಳಿದಂಗ ಕಟ್ಟಿದ್ದು ಅಮೆರಿಕಾದ ರೀಜನ್ನಿನಾಗ. ಆ ಕನ್ಸೋಲಿನಾಗ ಒಂದು ರೀಜನ್ನಿನಾಗ ಇದ್ದದ್ದು ಇನ್ನೊಂದ್ರಾಗ ಕಾಣೂದಿಲ್ರಿ.

ಅಲ್ಲಿ ನ್ಯಾಟ್ ಗೇಟ್‌ವೇ ಓಡ್ತಾನೇ ಇತ್ತು. ಒಳಗಿನ ಮಶೀನ್‌ಗೋಳು ಇಂಟರ್ನೆಟ್ಟಿಗೆ ಹೋಗೋ ಬಾಗಲಾ ಅದು, ಯಾರೂ ಹಾಯ್ದು ಹೋಗ್ಲಿ ಬಿಡ್ಲಿ ತಾಸಿಗೆ 4.5 ಸೆಂಟ್, ಅಂದ್ರ 720 ತಾಸಿಗೆ 32.40 ಡಾಲರ್. ಹೊರಗಿಂದ ಬರೋ ಕೆಲಸಾ ಮಶೀನ್‌ಗೋಳಿಗೆ ಹಂಚೋ ಲೋಡ್ ಬ್ಯಾಲೆನ್ಸರ್ ತಾಸಿಗೆ 2.25 ಸೆಂಟಿನಂಗ 16.20 ಡಾಲರ್. ಮ್ಯಾಲೆ ಪಬ್ಲಿಕ್ ಐಪಿ (ಇಂಟರ್ನೆಟ್ಟಿನಾಗಿನ ವಿಳಾಸ), ಸ್ಟಾಪ್ ಮಾಡಿದ ಮಶೀನಿನ ಡಿಸ್ಕ್, 18% ಜಿಎಸ್‌ಟಿ. ಖೋಲಿಗೆ ಕೀಲಿ ಹಾಕಿ ಊರಿಗೆ ಹೋದ್ರ ಬಾಡಗಿ ನಿಲ್ಲತೈತೇನ್ರಿ, ಡಿಸ್ಕಿಂದೂ ಹಂಗ, ಡಿಲೀಟ್ ಮಾಡೂತನಾ ಎಣಿಸ್ತಾರ.

ಅವತ್ತ ರಾತ್ರಿ ಎಲ್ಲಾ ರೀಜನ್ ಒಂದೊಂದಾಗಿ ತೆಗದು ನೋಡಿ ಗೇಟ್‌ವೇ, ಲೋಡ್ ಬ್ಯಾಲೆನ್ಸರ್, ಮಶೀನ್, ಡಿಸ್ಕ್, ಸ್ನ್ಯಾಪ್‌ಶಾಟ್ (ಡಿಸ್ಕಿನ ನಕಲು) ಎಲ್ಲಾ ಡಿಲೀಟ್ ಮಾಡಿದೆ. ಎರಡು ದಿನ ಬಿಟ್ಟು ನೋಡಿದ್ರ ಮತ್ತ ಒಂದೀಟು ಏರಿತ್ತು, ಗೇಟ್‌ವೇ ಹೋದ್ರೂ ಅದಕ್ಕ ಕೊಟ್ಟಿದ್ದ ಐಪಿ ನನ್ನ ಹೆಸರಿಗೇ ಉಳದಿತ್ತು, ಅದನ್ನ ಬ್ಯಾರೆ ರಿಲೀಸ್ ಮಾಡಬೇಕು.

ಕಾರ್ಡ್ ಬ್ಲಾಕ್ ಮಾಡ್ಸು ಅಂತ ಗೆಳೆಯ ಹೇಳಿದ, ನಾ ಮಾಡ್ಸಲಿಲ್ಲ, ಯಾಕಂದ್ರ ಕಾರ್ಡ್ ನಿಂತ್ರ ಬಾಕಿ ಹೋಗೂದಿಲ್ಲ, ಅಕೌಂಟ್ ಮುಚ್ಚಿದ್ರೂ ಹೋಗೂದಿಲ್ಲ. ಸಪೋರ್ಟಿಗೆ ಬರದೆ, ಬಿಲ್ಲಿಂಗ್ ಪ್ರಶ್ನೆಗೆ ಫೀ ಇರಲಿಲ್ಲ. ನಾ ವಿದ್ಯಾರ್ಥಿ, ಇಂಥಾದ್ದು ಬಿಟ್ಟಿದ್ದೆ, ಇಂಥಾ ದಿನ ಡಿಲೀಟ್ ಮಾಡೇನಿ ಅಂತ ಇದ್ದದ್ದು ಇದ್ದಂಗ ಬರದು ಸ್ಕ್ರೀನ್‌ಶಾಟ್ ಹಚ್ಚಿದೆ. ಅಷ್ಟೊತ್ತಿಗೆ ಅಣ್ಣನ ಕಾರ್ಡಿನಿಂದ ರೊಕ್ಕ ಹೋಗಿಬಿಟ್ಟಿತ್ತು. ಐದು ದಿನಕ್ಕ ಉತ್ತರ ಬಂತು, ಮೊದಲನೇ ಸಲ ಅಂತ ಗೇಟ್‌ವೇ ಮತ್ತ ಲೋಡ್ ಬ್ಯಾಲೆನ್ಸರ್ ರೊಕ್ಕ ವಾಪಸ್ ಕೊಟ್ರು. ಕೊಡಲೇಬೇಕಂತ ನೇಮ ಇಲ್ಲ, ಅವರ ಮರ್ಜಿ.

ಉಳಿದ ಸಾವಿರ ಚಿಲ್ಲರ ನಾ ಎರಡು ತಿಂಗಳಾಗ ಅಣ್ಣಗ ಕೊಟ್ಟೆ. ಈಗ 1 ಡಾಲರ್ ದಾಟಿದ್ರ ಮೇಲ್ ಬರೂವಂಗ ಬಜೆಟ್ ಅಲರ್ಟ್ ಇಟ್ಟೇನಿ, ಆದ್ರ ಅದು ಬರೇ ತಿಳಸ್ತೈತಿ, ಏನೂ ಬಂದ್ ಮಾಡೂದಿಲ್ಲ, ತಿಳಸೂದೂ ಕೆಲವು ತಾಸು ತಡ. ಅದಕ್ಕ ಮೇಲ್ ನನಗೂ ಬರ್ತೈತಿ, ಅಣ್ಣಗೂ ಹೋಗ್ತೈತಿ.