ಹೊಸ ಸಂಶೋಧನಾ ವಿಧಾನ ಕಲಿಯಬೇಕೇ, ಬೇಡವೇ?

ನಿಮ್ಮ ಸಂಶೋಧನಾ ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ಈಗ ಗೊತ್ತಿರುವ ವಿಧಾನ ಅದಕ್ಕೆ ಉತ್ತರ ಕೊಡುತ್ತದೆಯೇ, ಕೊಟ್ಟರೂ ಆ ಉತ್ತರವನ್ನು ನಂಬಬಹುದೇ ಎಂದು ಕೆಳಗೆ ಬರೆಯಿರಿ. ನಿರ್ಧಾರದ ಅರ್ಧ ಭಾಗ ಇಲ್ಲೇ ಮುಗಿಯುತ್ತದೆ.

40 ತರಗತಿಗಳಿಂದ ತಲಾ 25ರಂತೆ 1000 ಮಕ್ಕಳ ಅಂಕಗಳಿವೆ ಎನ್ನೋಣ. ಹೊಸ ಬೋಧನಾಕ್ರಮವನ್ನು ಪ್ರಯೋಗಿಸಿದ್ದು ಇಡೀ ತರಗತಿಗಳ ಮೇಲೆ. ಒಂದೇ ತರಗತಿಯ ಮಕ್ಕಳ ಅಂಕಗಳಲ್ಲಿ ಹೋಲಿಕೆ ಇದ್ದೇ ಇರುತ್ತದೆ. ಆ ಹೋಲಿಕೆಯನ್ನು ಅಳೆಯುವ ಇಂಟ್ರಾಕ್ಲಾಸ್ ಕೋರಿಲೇಷನ್ ಬರೀ 0.1 ಇದ್ದರೂ, ಮಾಹಿತಿ ಎಷ್ಟು ಪಟ್ಟು ಕುಗ್ಗುತ್ತದೆ ಎಂಬ ಲೆಕ್ಕ ಹೀಗೆ: 1 + (25 − 1) × 0.1 = 3.4. ಸಾವಿರವನ್ನು ಇದರಿಂದ ಭಾಗಿಸಿ: ನಿಮ್ಮ ಕೈಯಲ್ಲಿರುವುದು ಸುಮಾರು 294 ಮಕ್ಕಳಷ್ಟೇ ಮಾಹಿತಿ. ಒಂದು ಅಂಶ ಇನ್ನೊಂದರ ಮೇಲೆ ಎಷ್ಟು ಅವಲಂಬಿಸಿದೆ ಎಂದು ಅಂದಾಜಿಸುವ ಸಾಮಾನ್ಯ ರಿಗ್ರೆಷನ್ ಪ್ರತಿ ಮಗುವನ್ನೂ ಸ್ವತಂತ್ರವೆಂದು ಎಣಿಸುವುದರಿಂದ ಅದಕ್ಕೆ ಇದು ಕಾಣದು. ಸ್ಟ್ಯಾಂಡರ್ಡ್ ಎರರ್ (ಅಂದಾಜಿನ ಅನಿಶ್ಚಿತತೆಯ ಅಳತೆ) ಕಡಿಮೆ ಬಂದು, ಇಲ್ಲದ ಪರಿಣಾಮವೂ ಇದ್ದಂತೆ ತೋರುತ್ತದೆ. ಇಂಥಲ್ಲಿ ಗುಂಪಿನೊಳಗಿನ ಹೋಲಿಕೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಮಲ್ಟಿಲೆವೆಲ್ ಮಾಡೆಲ್ ಅಥವಾ ಕ್ಲಸ್ಟರ್ಡ್ ಸ್ಟ್ಯಾಂಡರ್ಡ್ ಎರರ್ ಕಲಿಯಲೇಬೇಕು. ಎರಡು ಸರಾಸರಿಗಳನ್ನು ಹೋಲಿಸುವ ಸರಳ ಟಿ-ಟೆಸ್ಟ್ ಸಾಕಾಗುವ ಕಡೆ ಮಷೀನ್ ಲರ್ನಿಂಗ್ ತರುವ ಅಗತ್ಯವಿಲ್ಲ, ಎಲ್ಲರೂ ಅದರ ಬಗ್ಗೆಯೇ ಮಾತಾಡುತ್ತಿದ್ದರೂ.

ಮುಂದಿನದು ಸಮಯದ ಲೆಕ್ಕ. ಒಂದು ಗಂಟೆಯ ಸಂದರ್ಶನವನ್ನು ಕೈಯಾರೆ ಬರಹಕ್ಕಿಳಿಸಲು ಸಾಮಾನ್ಯವಾಗಿ 4ರಿಂದ 6 ಗಂಟೆ ಬೇಕು. 20 ಸಂದರ್ಶನಕ್ಕೆ 80ರಿಂದ 120 ಗಂಟೆ, ಅದೂ ಕೋಡಿಂಗ್ (ಬರಹದ ಭಾಗಗಳಿಗೆ ವಿಷಯವಾರು ಗುರುತು ಹಚ್ಚುವ ಕೆಲಸ) ಶುರುವಾಗುವ ಮೊದಲೇ. ನೈತಿಕ ಸಮಿತಿಯ ಒಪ್ಪಿಗೆಗೆ ಕಾಯುವ ದಿನಗಳನ್ನೂ ಸೇರಿಸಿಕೊಳ್ಳಿ. ಎರಡು ವರ್ಷದ ಹುದ್ದೆಯಾದರೆ ಮೊದಲ ಆರು ತಿಂಗಳಲ್ಲೇ ಕಲಿಕೆ ಆರಂಭಿಸುವುದು ಒಳ್ಳೆಯದು. ಲೇಖನದ ಪರಿಶೀಲನೆಗೇ ತಿಂಗಳುಗಟ್ಟಲೆ ಹಿಡಿಯುತ್ತದೆ. ಪ್ರಬಂಧ ಸಲ್ಲಿಸುವ ವರ್ಷದಲ್ಲಿ ಮಾತ್ರ ಈ ಕೆಲಸಕ್ಕೆ ಕೈಹಾಕಬೇಡಿ.

ಆಮೇಲೂ ಮನಸ್ಸಿದ್ದರೆ ಎರಡು ವಾರ ಪರೀಕ್ಷಿಸಿ. ಸಂಖ್ಯೆಗಳ ವಿಧಾನವಾದರೆ, ಉತ್ತರ ಮೊದಲೇ ಗೊತ್ತಿರುವಂತೆ ಕೃತಕ ದತ್ತಾಂಶ ಸೃಷ್ಟಿಸಿ, ವಿಧಾನ ಆ ಉತ್ತರವನ್ನು ಹಿಂದಿರುಗಿಸುತ್ತದೆಯೇ ನೋಡಿ. ನಂತರ ದತ್ತಾಂಶ ಮುಕ್ತವಾಗಿರುವ ಒಂದು ಪ್ರಕಟಿತ ಲೇಖನದ ಮುಖ್ಯ ಕೋಷ್ಟಕವನ್ನು ನೀವೇ ಮತ್ತೆ ತಯಾರಿಸಿ. ಗುಣಾತ್ಮಕ ವಿಧಾನವಾದರೆ ಎರಡು ಸಂದರ್ಶನ ಮಾಡಿ, ಕೋಡ್ ಮಾಡಿ, ಅನುಭವಿಗಳಿಗೆ ತೋರಿಸಿ. ಕಾರ್ಯಾಗಾರಕ್ಕೆ ಹೋಗಿ ಬಂದರಷ್ಟೇ ಸಾಲದು. ನಿಮ್ಮದೇ ದತ್ತಾಂಶದ ಮೇಲೆ ಬೇಗ ಬಳಸದಿದ್ದರೆ ಕಲಿತದ್ದು ಮರೆತುಹೋಗುತ್ತದೆ.

ತಪ್ಪು ಹಿಡಿದು ಹೇಳುವವರು ಹತ್ತಿರದಲ್ಲಿದ್ದಾರೆಯೇ? ಇದನ್ನು ಹಲವರು ಕೇಳಿಕೊಳ್ಳುವುದೇ ಇಲ್ಲ. ಒಬ್ಬರೇ ಕಲಿಯುವಾಗ ಸಾಫ್ಟ್‌ವೇರ್‌ನ ಡೀಫಾಲ್ಟ್ ಆಯ್ಕೆಗಳು ಪ್ರಶ್ನೆಯಿಲ್ಲದೆ ಉಳಿದುಬಿಡುತ್ತವೆ, ಪರಿಶೀಲಕರು ಕೇಳಿದಾಗ ಉತ್ತರವಿರುವುದಿಲ್ಲ. ಅಂಥವರು ಸಿಗದಿದ್ದರೆ, ಅಥವಾ ವಿಧಾನ ಒಂದೇ ಲೇಖನಕ್ಕೆ ಬೇಕಿದ್ದರೆ, ಬಲ್ಲವರನ್ನು ಸಹಲೇಖಕರಾಗಿ ಸೇರಿಸಿಕೊಳ್ಳಿ. ಆಗಲೂ ಆ ವಿಧಾನ ಯಾವ ಊಹೆಗಳ ಮೇಲೆ ನಿಂತಿದೆ, ಅವು ಮುರಿದರೆ ಏನಾಗುತ್ತದೆ ಎಂಬಷ್ಟನ್ನು ಓದಿಕೊಂಡಿರಿ.